ಸೆನ್ಸರಿಗೆ ಇಟ್ಟ ಬೊಟ್ಟು

ಧನ್ಯಾ ಏನು ಓದುತ್ತಿದ್ದಾಳೆ ಎಂದು ಸಾಲಗಾಮೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳುವ ಗುತ್ತಿಗೆ ಅವಳ ಅಜ್ಜಿ ಬೆಟ್ಟಮ್ಮನದು. "ಮಿಷನ್ನಿಗೆ ಜ್ವರ ಐತಾ, ಬೀಪಿ ಐತಾ ಅಂತ ನೋಡೋ ಕೋರ್ಸು ಕಣವ್ವ. ಮಿಷನ್ನಿನ ನರ್ಸಮ್ಮ ಅನ್ಕೊ." ಹಾಸನದಲ್ಲಿ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದ ಧನ್ಯಾಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ. ಕ್ಲಾಸಿನಲ್ಲಿ ಅವಳ ದನಿ ಕೇಳುವುದು ಹಾಜರಿ ಕೂಗಿದಾಗ ಮಾತ್ರ.

ಆ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ಚನ್ನರಾಯಪಟ್ಟಣದ ಕಡೆಯ ತೆಂಗಿನಕಾಯಿ ಪುಡಿ ಫ್ಯಾಕ್ಟರಿಯವರು ಕಾಲೇಜಿಗೆ ಬಂದು, ಪ್ರಾಜೆಕ್ಟುಗಳನ್ನು ನೋಡಿ, ಒಬ್ಬರನ್ನು ಟ್ರೈನಿಯಾಗಿ ಆರಿಸುವವರಿದ್ದರು. ಆ ಜಾಗ ಸಿಕ್ಕದಿದ್ದರೆ ಧನ್ಯಾಗೆ ಅರಕಲಗೂಡೇ ಗತಿ. ಅಲ್ಲಿ ಮೋಹನ್‌ಕುಮಾರ್ ಚಿಕ್ಕಪ್ಪನ ಬೀಜ ಗೊಬ್ಬರದ ಅಂಗಡಿಯಲ್ಲಿ ಬಿಲ್ ಹೊಡೆಯಲು ಮನೆಯ ಹುಡುಗಿಯೇ ಬೇಕಾಗಿತ್ತು. ಚಿಕ್ಕಪ್ಪ ಆಗಲೇ ತಿರುಗುವ ಕುರ್ಚಿ ತಂದು, ಅದರ ಫೋಟೊ ತೆಗೆದು ಕಳಿಸಿದ್ದರು. "ಫ್ಯಾನ್ ಕೆಳ್ಗೇ ಸೀಟು ಮಗಾ. ಓದಿರೋಳು ಅಂತ ಗಿರಾಕಿಗಳೂ ಮರ್ಯಾದೆ ಕೊಡ್ತಾರೆ." ಕುರ್ಚಿ ಚೆನ್ನಾಗಿಯೇ ಇತ್ತು. ಅದನ್ನು ನೋಡಿದಾಗಲೆಲ್ಲ ಧನ್ಯಾ ಫೋನನ್ನು ಬೋರಲು ಹಾಕುತ್ತಿದ್ದಳು.

ಅವಳ ಪ್ರಾಜೆಕ್ಟು ಸರಳ. ಮೇಲೊಂದು ಪ್ಲಾಸ್ಟಿಕ್ ಡಬ್ಬ, ಕೆಳಗೊಂದು ಬಕೆಟ್, ನಡುವೆ ಕೂಲರಿನ ಪುಟ್ಟ ಪಂಪು. ಡಬ್ಬದ ಮುಚ್ಚಳಕ್ಕೆ ಬಿಗಿದ ಸೆನ್ಸರು ಬಾವಲಿಯ ಹಾಗೆ ಕೆಳಕ್ಕೆ ಸದ್ದು ಬಿಟ್ಟು, ಅದು ನೀರಿಗೆ ತಾಗಿ ವಾಪಸು ಬರುವುದನ್ನು ಕೇಳಿಸಿಕೊಂಡು, ನೀರು ಎಷ್ಟಿದೆ ಎಂದು ಲೆಕ್ಕ ಹಾಕುತ್ತಿತ್ತು. ನೀರು ಇಳಿದರೆ ಪಂಪು ಓಡಬೇಕು, ತುಂಬಿದರೆ ನಿಲ್ಲಬೇಕು. ವೈರುಗಳನ್ನು ಬೆಸೆದವಳು ಧನ್ಯಾ, ಪ್ರೋಗ್ರಾಂ ಬರೆದವನು ಜೊತೆಗಾರ ಸಂಜಯ್. ಹೊಳೆನರಸೀಪುರದವನಾದ ಅವನು ಇಬ್ಬರ ಪಾಲಿನ ಮಾತನ್ನೂ ಒಬ್ಬನೇ ಆಡುತ್ತಿದ್ದ.

ರಜೆಗೆ ಮುಂಚೆ ಲ್ಯಾಬಿನಲ್ಲಿ ಆಯುಧಪೂಜೆ ಆಯಿತು. ಲೆಕ್ಚರರ್ ತಿರುನಾರಾಯಣ ಸರ್ ತಾವೇ ಮಂಗಳಾರತಿ ಎತ್ತಿದರು. ಹುಡುಗರು ಕಂಪ್ರೆಸರಿಗೆ ಸೇವಂತಿಗೆ ಹಾರ ಹಾಕಿ, ಕಂಟ್ರೋಲ್ ಪ್ಯಾನೆಲ್ಲಿಗೆ ವಿಭೂತಿ ಬಳಿದರು. ಧನ್ಯಾ ತನ್ನ ಸೆನ್ಸರನ್ನು ನೋಡಿದಳು. ಅದಕ್ಕೆ ಜಾಲರಿ ಹಾಕಿದ ಎರಡು ದುಂಡು ಕಣ್ಣು. ಎಲ್ಲಕ್ಕೂ ಬೊಟ್ಟಿಟ್ಟು ಇದೊಂದನ್ನು ಬಿಡುವುದು ಹೇಗೆ? ಅರಿಸಿನ ಕುಂಕುಮವನ್ನು ನೀರಲ್ಲಿ ಕಲಸಿ, ಎರಡೂ ಕಣ್ಣಿನ ಜಾಲರಿಯ ಮೇಲೆ ಒಂದೊಂದು ಬೊಟ್ಟು ಅಚ್ಚುಕಟ್ಟಾಗಿ ಇಟ್ಟಳು. ಕೈಮುಗಿದು ಊರಿಗೆ ಹೋದಳು.

ರಜೆ ಮುಗಿದು ಬಂದ ದಿನವೇ ಫ್ಯಾಕ್ಟರಿಯ ಮೆಂಟೆನೆನ್ಸ್ ಹೆಡ್ ರವೀಂದ್ರ ಬಂದರು. ದಪ್ಪ ಮೀಸೆ, ಅಂಗಿ ಜೇಬಿನಲ್ಲಿ ಟೆಸ್ಟರು. ಸಂಜಯ್ ಭಾಷಣ ಮುಗಿಸಿ, ಡಬ್ಬದ ನೀರು ಬಿಟ್ಟು, "ಈಗ ಪಂಪು ಆನಾಗುತ್ತೆ ಸಾ" ಎಂದ.

ಪಂಪು ಕದಲಲಿಲ್ಲ. ಖಾಲಿ ಡಬ್ಬದ ಪಕ್ಕದ ಪರದೆಯಲ್ಲಿ 'ಟ್ಯಾಂಕ್ ಫುಲ್' ಎಂದು ಬಂತು.

"ತುಂಬಿದೆಯಂತಲ್ಲಪ್ಪ" ಎಂದರು ರವೀಂದ್ರ.

"ವೋಲ್ಟೇಜ್ ಪ್ರಾಬ್ಲಂ ಸಾ." ಸಂಜಯ್ ಪಂಪಿಗೊಂದು ಗುದ್ದು ಕೊಟ್ಟ. "ನಿನ್ನೆವರ್ಗೂ ಚೆನ್ನಾಗಿತ್ತು ಸಾ."

"ನಿನ್ನೆ ರಜ ಕಣೋ" ಎಂದರು ತಿರುನಾರಾಯಣ ಸರ್.

ಹಿಂದೆ ನಿಂತಿದ್ದ ಧನ್ಯಾ ಬಗ್ಗಿ ಮುಚ್ಚಳದ ಅಡಿ ನೋಡಿದಳು. ಜಾಲರಿಯ ತೂತುಗಳೆಲ್ಲ ಕಟ್ಟಿ, ಕುಂಕುಮ ಗಾರೆಯ ಹಾಗೆ ಒಣಗಿತ್ತು. ಅವಳ ಕಿವಿ ಬಿಸಿಯಾಯಿತು. ಒಂದು ಪಿನ್ನು ತಗೊಂಡು ಕೆರೆದಳು, ಉಫ್ ಎಂದು ಊದಿದಳು. ಪಂಪು ಗೊರ್ ಎಂದು ಶುರುವಾಯಿತು.

"ಸೆನ್ಸರಿಗೆ ಕುಂಕುಮ ಇಟ್ಟ ಪುಣ್ಯಾತ್ಮರು ಯಾರಪ್ಪ?" ಎಂದು ರವೀಂದ್ರ ಕೇಳಿದರು.

ಸಂಜಯ್ ಬಾಯಿ ತೆರೆಯುವಷ್ಟರಲ್ಲಿ, "ನಾನೇ ಸಾ" ಎಂದಳು ಧನ್ಯಾ. ಲ್ಯಾಬೆಲ್ಲ ಗೊಳ್ಳೆಂದಿತು.

ರವೀಂದ್ರ ನಗಲಿಲ್ಲ. "ಕುಂಕುಮ ಇಡು, ತಪ್ಪಲ್ಲ. ನಮ್ಮಲ್ಲೂ ಇಡ್ತಾರೆ. ಆದ್ರೆ ಕಣ್ಣು ಕಟ್ಟಿದಾಗ ಅದು 'ನಂಗೆ ಗೊತ್ತಿಲ್ಲ' ಅನ್ನಬೇಕಿತ್ತು. ತುಂಬಿದೆ ಅಂತ ಯಾಕೆ ಅಂತು?"

ಧನ್ಯಾ ಮೆಲ್ಲಗೆ ಹೇಳಿದಳು. "ಸದ್ದು ವಾಪಸ್ ಬರದೇ ಇದ್ರೆ ದೂರ ಸೊನ್ನೆ ಅಂತ ತಗೊಳ್ಳುತ್ತೆ ಸಾ. ದೂರ ಸೊನ್ನೆ ಅಂದ್ರೆ ನೀರು ಮುಚ್ಚಳದವರೆಗೂ ಬಂದಿದೆ ಅಂತ. ನಮ್ಮ ಪ್ರೋಗ್ರಾಮೇ ತಪ್ಪು."

"ಲೇ, ಪ್ರೋಗ್ರಾಂ ನಂದು ಕಣೇ" ಎಂದು ಸಂಜಯ್ ಪಿಸುಗುಟ್ಟಿದ.

"ಅದಕ್ಕೇ ನಮ್ಮದು ಅಂದೆ."

"ಸರಿಮಾಡಿ. ಕಾಫಿ ಕುಡಿದು ಬರ್ತೀನಿ" ಎಂದು ರವೀಂದ್ರ ಹೊರಟರು.

ಧನ್ಯಾ ಒಂದು ಬಜರ್ ಬೆಸೆದು ಸೇರಿಸಿದಳು. ಅವಳು ಹೇಳಿದಳು, ಸಂಜಯ್ ಕೀಬೋರ್ಡಿನ ಮೇಲೆ ಬೆರಳು ಓಡಿಸಿದ. ಸದ್ದು ವಾಪಸ್ ಬರದಿದ್ದರೆ ಪಂಪು ನಿಲ್ಲಬೇಕು, ಬಜರ್ ಕೂಗಬೇಕು. ರವೀಂದ್ರ ವಾಪಸ್ ಬಂದಾಗ ಧನ್ಯಾ ಯಾರನ್ನೂ ಕೇಳದೆ ಸೆನ್ಸರಿನ ವೈರನ್ನೇ ಕಿತ್ತಳು. ಬಜರ್ ಎಂಥಾ ಕೂಗು ಹಾಕಿತೆಂದರೆ ಪಕ್ಕದ ಮೆಕ್ಯಾನಿಕಲ್ ಲ್ಯಾಬಿನವರು ಓಡಿಬಂದರು.

"ಪರವಾಗಿಲ್ಲ" ಎಂದರು ರವೀಂದ್ರ. ಉಳಿದ ಪ್ರಾಜೆಕ್ಟುಗಳನ್ನೂ ನೋಡಿ ಮುಗಿಸಿ, ತಿರುನಾರಾಯಣ ಸರ್ ಕೈ ಕುಲುಕಿ, "ತಿಳಿಸ್ತೀವಿ ಸಾರ್" ಎಂದು ಬಾಗಿಲ ಕಡೆ ನಡೆದರು.

ತಿಳಿಸುತ್ತೇವೆ ಎಂದು ಹೋದವರು ತಿಳಿಸಿದ್ದನ್ನು ಧನ್ಯಾ ಈವರೆಗೆ ಕಂಡಿರಲಿಲ್ಲ. ಅರಕಲಗೂಡಿನ ಕುರ್ಚಿ ಕಣ್ಣ ಮುಂದೆ ಒಂದು ಸುತ್ತು ತಿರುಗಿತು.

"ಸಾ, ನಿಮ್ಮ ಕಾಯಿತುರಿ ಒಣಗಿಸೋ ಡ್ರೈಯರಿನಲ್ಲಿ ಶಾಖ ನೋಡೋಕೆ ಸೆನ್ಸರ್ ಎಷ್ಟಿವೆ?"

ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಇವಳು ಪ್ರಶ್ನೆ ಕೇಳಿದ್ದೇ ಮೊದಲು.

ರವೀಂದ್ರ ಹೊಸಿಲ ಮೇಲೆ ನಿಂತರು. "ಎರಡು. ಒಂದೊಂದು ಒಂದೊಂದು ಹೇಳುತ್ತೆ. ಯಾವುದನ್ನ ನಂಬೋದು ಅಂತ ನಂಗೂ ಆಪರೇಟರಿಗೂ ದಿನಾ ಜಗಳ. ಯಾಕಮ್ಮ?"

"ಇನ್ನೊಂದು ಹಾಕಿ ಸಾ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದ್ರೆ ಅದನ್ನ ನಂಬಬಹುದು. ಮಾತು ಕೂಡದ್ದು ಕೆಟ್ಟಿದೆ ಅಂತಾನೂ ಗೊತ್ತಾಗುತ್ತೆ."

"ಪಂಚಾಯ್ತಿ ಸೇರಿಸು ಅಂತೀಯ." ಮೀಸೆಯ ಅಡಿಯಲ್ಲಿ ನಗು ಕಾಣಿಸಿತು. "ಸೋಮವಾರ ಬಂದ್ಬುಡು. ಆ ಮೂರನೇದನ್ನ ನೀನೇ ಕೂರಿಸು."

ಸಂಜಯ್ ಅವಳ ಬೆನ್ನು ತಿವಿದ. "ಥ್ಯಾಂಕ್ಸ್ ಅನ್ನೇ, ಗೂಬೆ!"

ಧನ್ಯಾಗೆ ಅದು ಕೇಳಿಸಿದಂತಿರಲಿಲ್ಲ. "ಈಗಿರೋ ಎರಡನ್ನ ಎಲ್ಲಿ ಕೂರಿಸಿದೀರ ಸಾ? ಬಿಸಿಗಾಳಿ ಒಳಗೆ ಬರೋ ಕಡೆನಾ, ಹೊರಗೆ ಹೋಗೋ ಕಡೆನಾ?"

ರವೀಂದ್ರ ಗಡಿಯಾರ ನೋಡಿಕೊಂಡರು. ವಾಪಸ್ ಬಂದು, ಒಂದು ಸ್ಟೂಲು ಎಳೆದುಕೊಂಡು ಕೂತು, "ಒಂದು ಚಾಕ್‌ಪೀಸ್ ಕೊಡಿ" ಎಂದು ಮೇಜಿನ ಮೇಲೆಯೇ ಡ್ರೈಯರಿನ ಚಿತ್ರ ಬರೆಯತೊಡಗಿದರು.