ಐದನೇ ಕುರ್ಚಿ

ಸಮಸ್ತ ಪುರಜನರಿಗೆ ತಿಳಿಯಪಡಿಸುವುದೇನೆಂದರೆ, ಅಮೆರಿಕದ ಅರ್ಕನ್ಸಾ ರಾಜ್ಯದ ಹ್ಯಾಲೋಫೋರ್ಡ್ ಪಟ್ಟಣದ ಭೂಬಳಕೆ ಮಂಡಳಿಯು ಐವತ್ತು ನಿಮಿಷ ಗಹನವಾಗಿ ಚರ್ಚಿಸಿ, ಬೇಕರಿಯ ಡೋನಟ್ ಫಲಕ ಮೂರಿಂಚು ಉಬ್ಬಲು ಅನುಮತಿ ನೀಡಿದೆ. ತೂತಿನ ಅಳತೆ ಮುಂದಿನ ಸಭೆಗೆ.

"ಆ ಕೋಳಿ ಹೆಂಗಸನ್ನ ಕರೀರಿ," ಎಂದ ಅಧ್ಯಕ್ಷ ಪೆಲ್ಟ್. "ಮೊದ್ಲು ಕಿಟಕಿ ತೆಗೀರಪ್ಪ, ನಾತ!"

ಕೋಳಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ರೆಕ್ಕೆ ಕತ್ತರಿಸುವ ಆರ್ಲೆಟಾ ಎದ್ದಳು. ಅವಳ ಹಿಂದೆ, ಬಾಡಿಗೆ ನೆಲದಲ್ಲಿ ನಿಂತ ಚಕ್ರದ ಟ್ರೇಲರ್ ಮನೆಗಳ ಕೇರಿಯೇ ಬಂದು ಕೂತಿತ್ತು. ಕೇರಿಯ ಜಾಗದಲ್ಲಿ ಗೋದಾಮು ಕಟ್ಟುವ ಅರ್ಜಿ ಮುಂದಿನ ತಿಂಗಳು ಮಂಡಳಿಗೆ ಬರಲಿತ್ತು. ಮಂಡಳಿಯಲ್ಲಿ ಬೇಕು ಎನ್ನುವವರು ಇಬ್ಬರು: ಜಮೀನು ದಲ್ಲಾಳಿ ಪೆಲ್ಟ್, ಅವನ ಭಾಮೈದ. ಬೇಡ ಎನ್ನುವವರೂ ಇಬ್ಬರು: ಜಲ್ಲಿ ಕ್ರಷರಿನ ಮಾಲೀಕ, ಅವನ ಬೀಗನಾದ ಬ್ಯಾಂಕಿನವನು. ಕನಿಕರವೇನಲ್ಲ, ಗೋದಾಮಿನ ಜಲ್ಲಿಯ ಗುತ್ತಿಗೆ ಬೇರೆಯವನಿಗೆ ಹೋಗಿತ್ತು. ಐದನೇ ಕುರ್ಚಿ ಹಲ್ಲಿನ ಡಾಕ್ಟರು ಸತ್ತಾಗಿನಿಂದ ಖಾಲಿ. ಅದರಲ್ಲಿ ಆರ್ಲೆಟಾ ಕೂತರೆ ಕೇರಿ ಉಳಿಯುತ್ತದೆ.

"ಏನಮ್ಮಾ, ಕುರ್ಚಿ ಬೇಕಂತೆ? ಸದಸ್ಯರಿಗೆ ಸ್ವಂತ ಮನೆ ಇರ್ಬೇಕು. ನಿಂದು ಗಾಡಿ. ಗಾಡೀಲಿ ಮಲಗೋರೆಲ್ಲ ಇಲ್ಲಿಗೆ ಬಂದ್ರೆ ನಾಳೆ ಲಾರಿ ಡ್ರೈವರ್ ಮೇಯರ್ ಆಗ್ತಾನೆ!"

ಭಾಮೈದ ಮೇಜು ಬಡಿದು ನಕ್ಕ.

"ಈಗ ಗಾಡಿ ಅಲ್ಲ ಸ್ವಾಮಿ. ಚಕ್ರ ಇರೋಗಂಟ ಗಾಡಿ ಅಂತ ಹೋದ್ಸಲ ನೀವೇ ಅಂದ್ರಿ. ಬಿಚ್ಚಾಕಿದೀವಿ. ನಂದೊಂದೇ ಅಲ್ಲ, ಮೂವತ್ತೊಂದು ಮನೇದೂ. ಅಚ್ಚು ಸಮೇತ ಗುಜರಿಗಾಕಿ ಅರ್ಜಿ ಫೀಜು ಕಟ್ಟಿದೀವಿ."

ಎರಡು ಭಾನುವಾರ ಮನೆಗಳಡಿ ಜಾಕಿ ಕೊಟ್ಟು, ಮಲಗಿಕೊಂಡೇ ಬೋಲ್ಟು ತಿರುಗಿಸಿದ್ದರು. ನೆರೆಮನೆಯ ಡೆಲ್ಮರನ ಹೆಬ್ಬೆರಳು ಇನ್ನೂ ಬಟ್ಟೆಯೊಳಗಿತ್ತು.

ಪೆಲ್ಟ್ ಮಂಡಳಿಯ ವಕೀಲನತ್ತ ನೋಡಿದ. ವಕೀಲ ಎಂಜಲು ಹಚ್ಚಿ ನಿಯಮ ಪುಸ್ತಕದ ಪುಟ ತಿರುವಿ ಓದಿದ.

"ಸದರಿ ಜಾಗದಲ್ಲಿ ಚಕ್ರಸಹಿತ ವಾಸದ ಗಾಡಿಗಳನ್ನು ಮಾತ್ರ ನಿಲ್ಲಿಸತಕ್ಕದ್ದು. ಚಕ್ರ ತೆಗೆದ ಕ್ಷಣದಿಂದ ಪರವಾನಗಿ ರದ್ದು. ಅರವತ್ತು ದಿನದಲ್ಲಿ ಜಾಗ ತೆರವು."

"ಅಂದ್ರೆ ಗೋದಾಮಿಗೆ ಓಟೇ ಬೇಡ್ವಾ ಭಾವ?" ಭಾಮೈದನಿಗೆ ಈಗ ಹೊಳೆಯಿತು.

ಡೆಲ್ಮರ್ ಎದ್ದ. "ಲೋ ಬೋಳಿಮಗನೇ, ಬಿಚ್ರಿ ಅಂದೋನು ನೀನೇ ಅಲ್ವೇನೋ!"

"ಗಾಡಿ ಅಂದ್ರೇನು ಅಂತ ಹೇಳ್ದೆ. ಬಿಚ್ಚಿ ಅಂದ್ನಾ? ಗುಮಾಸ್ತೆಯವ್ರೇ, ಬೈದಿದ್ದು ಬರ್ಕೊಳ್ಳಿ."

ಆರ್ಲೆಟಾ ಸೀದಾ ನಡೆದು ಖಾಲಿ ಕುರ್ಚಿ ಎಳೆದು ಕೂತಳು. "ಗಾಡಿ ಅಲ್ಲ ಅಂತ ನಿಮ್ ವಕೀಲ್ರೇ ಓದಿದ್ರು. ಹಂಗಾದ್ರೆ ಮನೆ. ಈ ಕುರ್ಚಿ ನಂದು."

ವಕೀಲ ಇನ್ನೊಂದು ಪುಟ ತಿರುವಿದ. "ಮನೆ ಎಂದರೆ, ಅದರಡಿಯ ನೆಲವೂ ಸ್ವಂತದ್ದಾಗಿರತಕ್ಕದ್ದು."

ಅವಳು ಏಳಲಿಲ್ಲ. ಗುಮಾಸ್ತೆ ಪೆನ್ನು ಹಿಡಿದು ಅಧ್ಯಕ್ಷನ ಮುಖ ನೋಡಿದಳು.

"ಐದನೇ ಕುರ್ಚಿ ಖಾಲಿ ಅಂತ ಬರೀರಿ," ಎಂದ ಪೆಲ್ಟ್.

ಗುಮಾಸ್ತೆ ಬರೆದಳು.