ಬೆಳ್ಳಿಯ ಚುಕ್ಕೆ

“ಬುಡ ಸಮೇತ ಕೀಳಿ ಅಂದ್ರೆ ಬಾಲಾನೇ ಕತ್ತರಿಸಿ ಕಳಿಸಿದ್ರಲ್ಲ ಸಣ್ಣಸ್ವಾಮಣ್ಣ! ಲ್ಯಾಬಿನವರು ವಿಗ್ಗು ಮಾಡ್ತಾರೆ ಅಂದ್ಕೊಂಡ್ರಾ?”

ದನದ ಡಾಕ್ಟರ್ ಚಂದನಾ ನಕ್ಕ ನಗೆಗೆ ಕುಶಾಲನಗರದ ಹೊಳೆಯ ಮೀನೆಲ್ಲ ಮೇಲೆ ಬಂದು ನೋಡಿಕೊಂಡು ಹೋದವು. ಸಣ್ಣಸ್ವಾಮಿ ತನ್ನ ಕುದುರೆ ಕೆಂಪಿಯ ಬಾಲದಿಂದ ಮಾರುದ್ದ ಕೂದಲು ಕತ್ತರಿಸಿ, ಮರಿಗೆ ಬರುವ ಬಣ್ಣ ತಿಳಿಯುವ ಪರೀಕ್ಷೆಗೆ ಕಳಿಸಿದ್ದ. ಬುಡವಿಲ್ಲದ ಕೂದಲಿನಿಂದ ಪ್ರಯೋಜನವಿಲ್ಲವೆಂದು ವಾಪಸ್ಸಾಗಿತ್ತು. ಆಮೇಲೆ ಡಾಕ್ಟರೇ ಕಿತ್ತು ಕಳಿಸಿದ್ದರು. ಅದರ ಫಲಿತಾಂಶ ಈಗ ಅವರ ಮೊಬೈಲಿನಲ್ಲಿತ್ತು.

ಹೊಳೆದಂಡೆಯಲ್ಲಿ ಪ್ರವಾಸಿಗರನ್ನು ಕುದುರೆ ಹತ್ತಿಸುವ ಸಣ್ಣಸ್ವಾಮಿಗೆ ಬಾಯಿ ಒಂದೇ, ಮಾತು ಹದಿನಾರು ಸಾವಿರ. ಒಂಬತ್ತು ವರ್ಷದ ಹಿಂದೆ ಕುಟ್ಟ ಎಂಬ ಊರಿನ ಮದುವೆಯೊಂದಕ್ಕೆ ಕೆಂಪಿಯ ತಾಯಿ ಬೆಳ್ಳಿಯನ್ನು ಒಯ್ದಿದ್ದ. ಹಾಲಿನಂಥ ಮೈಗೆ ಹುರಿದ ಕಾಫಿ ಬೀಜ ಎರಚಿದಂತಿದ್ದ ಬೆಳ್ಳಿ ಚಪ್ಪರಕ್ಕೆ ಬಂದ ಮೇಲೆ ಮದುಮಗಳ ಕಡೆ ನೋಡಿದವರೇ ಇಲ್ಲ. “ಇಂಥವು ನನ್ ಕೊಟ್ಟಿಗೇಲಿ ವರ್ಷಕ್ಕೊಂದು ಹುಟ್ತವೆ, ಬೇಕಾದ್ರೆ ಇಟ್ಕೊಳಿ” ಎಂದು ಮೀಸೆ ತಿರುವಿದ. ಮದುವೆ ಮನೆಯವರು ಇಟ್ಟುಕೊಂಡೇಬಿಟ್ಟರು! ಆಡಿದ ಮಾತು ವಾಪಸ್ ತೆಗೆದವನು ಅವನ ಏಳು ತಲೆಮಾರಿನಲ್ಲಿರಲಿಲ್ಲ. ಎರಡೇ ಮಳೆಗಾಲ ಕಳೆಯುವಷ್ಟರಲ್ಲಿ ಬೆಳ್ಳಿ ಸತ್ತ ಸುದ್ದಿ ಬಂತು.

ಬೆಳ್ಳಿಯನ್ನು ಮರಿಯಿಂದ ಸಾಕಿದ್ದು ಅವನ ಹೆಂಡತಿ ಲಿಂಗಮ್ಮ. “ಮಗಳು ಕೆಂಪಿ ಐತಲ್ಲ, ಅದರ ಹೊಟ್ಟೇಲಿ ಬೆಳ್ಳೀನೇ ಬತ್ತಾಳೆ, ಸುಮ್ನಿರು” ಎಂದು ಸಣ್ಣಸ್ವಾಮಿ ಅವಳಿಗೆ ಹೇಳಿದ್ದ. ಅವಳು ಸುಮ್ಮನಿದ್ದಳು. ಕೆಂಪಿ ಹಾಕಿದ ಮೂರು ಮರಿಗಳೂ ಇಟ್ಟಿಗೆ ಬಣ್ಣದವು. ನಾಲ್ಕನೆಯದಕ್ಕೆ ದಿನ ತುಂಬಿತ್ತು.

“ಹೇಳವ್ವ, ಈ ಸಲನಾದ್ರೂ ಬತ್ತಾಳಾ?” ಡಾಕ್ಟರಿಗೆ ಕಾಫಿ ತಂದುಕೊಟ್ಟ ಲಿಂಗಮ್ಮ ಕೇಳಿದಳು.

ಚಂದನಾ ನಗು ನಿಲ್ಲಿಸಿದರು. “ಪ್ರತಿ ಗುಣಕ್ಕೂ ಮೈಯೊಳಗೆ ಜೋಡಿ ಎಳೆ ಇರ್ತವೆ ಲಿಂಗಮ್ಮ. ಚುಕ್ಕೆ ಕೊಡೋ ಗುಣ ಬೆಳ್ಳಿಯ ಒಂದು ಎಳೇಲಿ ಮಾತ್ರ ಇತ್ತು. ಅದರ ಜೊತೆಯ ಇನ್ನೊಂದು ಎಳೇಲಿ ಇರಲಿಲ್ಲ. ಮರಿಗೆ ಹೋಗೋದು ಎರಡರಲ್ಲಿ ಒಂದೇ. ಕೆಂಪಿಗೆ ಆ ಗುಣ ಇಲ್ಲದ ಎಳೆ ಹೋಗಿದೆ. ಒಳಗೆ ಅಡಗಿಕೊಂಡೂ ಇಲ್ಲ. ನೂರು ಮರಿ ಹಾಕಿದ್ರೂ ಅವಳಿಂದ ಚುಕ್ಕೆ ಬರಲ್ಲ.”

“ನೂರ್ಯಾಕೆ, ಇನ್ನೂರು ಹಾಕಿಸ್ತೀನಿ!” ಸಣ್ಣಸ್ವಾಮಿ ಎದೆ ತಟ್ಟಿದ. “ಚುಕ್ಕೆ ಇರೋ ಗಂಡು ಕುದುರೇನ ರಾಜಸ್ಥಾನದಿಂದ ನಡೆಸ್ಕೊಂಡ್ ಬತ್ತೀನಿ!”

“ತಂದ್ರೆ ಬರಬಹುದು. ಆದ್ರೆ ಅದು ಆ ಗಂಡಿನ ಚುಕ್ಕೆ.”

“ನಮಗ್ಯಾಕವ್ವ ಯಾರದೋ ಚುಕ್ಕೆ” ಎಂದು ಲಿಂಗಮ್ಮ ಕಾಫಿ ಲೋಟ ಎತ್ತಿಕೊಂಡು ಒಳಹೋದಳು. ಹಾರಂಗಿಯಿಂದ ಸಿದ್ದಾಪುರದವರೆಗೆ ಯಾರೂ ಕಾಣದಿದ್ದ ಸಂಗತಿ ಆಗ ನಡೆಯಿತು. ಸಣ್ಣಸ್ವಾಮಿಯ ಬಾಯಿ ಮುಚ್ಚಿತು.

ಮೂರನೇ ದಿನ ಬೆಳಿಗ್ಗೆ ಕೆಂಪಿ ಮರಿ ಹಾಕಿತು. ನೆತ್ತಿಯಿಂದ ಗೊರಸಿನವರೆಗೆ ಒಂದೇ ಕೆಂಪು. ಸಣ್ಣಸ್ವಾಮಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತ.

“ಕುಟ್ಟದಲ್ಲಿ ನಾನು ಹಂಗನ್ನಬಾರದಾಗಿತ್ತು ಕಣೆ.”

“ಆ ಗೋಣಿ ಕೊಡಿ ಇಲ್ಲಿ. ಮರಿ ನಡುಗ್ತೈತೆ.”

ಲಿಂಗಮ್ಮ ಮರಿಯ ಬೆನ್ನು ಒರೆಸಿದಳು, ಕುತ್ತಿಗೆ ಒರೆಸಿದಳು. ಆಮೇಲೆ ಗೋಣಿ ಪಕ್ಕಕ್ಕಿಟ್ಟು, ಹೊಟ್ಟೆಯಡಿಯ ಒದ್ದೆ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ, ಬಗ್ಗಿ ನೋಡತೊಡಗಿದಳು.