ಎಡಗಡೆಯ ಸ್ಟೂಲು

ರಾಜ್ಯ ರಾಜ್ಯಗಳ ಗಡಿಜಗಳವನ್ನು ಬರೆದಿಡಲು ಚರಿತ್ರೆಕಾರರಿದ್ದಾರೆ; ಒಂದು ಸ್ಟೂಲು ಮೇಜಿನ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಘನಗಂಭೀರ ವ್ಯಾಜ್ಯಕ್ಕೆ ಯಾರೂ ಇಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಮಹಡಿಯ ಅಂಗಡಿಯಲ್ಲಿ ಈ ವ್ಯಾಜ್ಯ ವರ್ಷಾನುಗಟ್ಟಲೆ ನಡೆಯಿತು. ವಾದಿ ಅಕ್ಕ, ಪ್ರತಿವಾದಿ ತಮ್ಮ. ನ್ಯಾಯಾಧೀಶನೂ ತಮ್ಮನೇ ಆದ್ದರಿಂದ ತೀರ್ಪು ಎಂದೂ ಬದಲಾಗಲಿಲ್ಲ.

ಅಕ್ಕ ಹಾಳೆಗಳನ್ನು ಹೊಲಿಯುತ್ತಿದ್ದಳು. ತಮ್ಮ ಪುಸ್ತಕದ ಚರ್ಮದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಕೂರಿಸುತ್ತಿದ್ದ. ಅದಕ್ಕೆ ಬಳಸುವ ಉಸಿರಿನಷ್ಟು ತೆಳುವಾದ ಚಿನ್ನದ ರೇಕೆಂದರೆ ಹೊಸ ಸೊಸೆಯ ಹಾಗೆ. ಯಾರಾದರೂ ಜೋರಾಗಿ ಉಸಿರುಬಿಟ್ಟರೂ ಮುನಿಸಿಕೊಂಡು ಎದ್ದು ಹೋಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಫ್ಯಾನಿರಲಿಲ್ಲ, ಕಿಟಕಿಗೆ ಮೊಳೆ ಹೊಡೆದಿತ್ತು. ಅವನ ಬೆರಳ ಸಂದಿಯಲ್ಲಿ ಮಾತ್ರ ಸದಾ ಸಿಗರೇಟು.

ಅವನು ಎಚ್ಚರಗೇಡಿಯೇನಲ್ಲ. ಬೂದಿ ಒಂದು ದಿನವೂ ಕಾಗದದ ಮೇಲೆ ಬಿದ್ದದ್ದಿಲ್ಲ. ಪುಸ್ತಕಕ್ಕೆ ವಾಸನೆ ಅಂಟಬಾರದೆಂದು, ಮುಗಿದ ಪ್ರತಿಯನ್ನು ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುತ್ತಿದ್ದ. ರೇಕು ಬಲಗಡೆ ಇರುತ್ತಿದ್ದುದರಿಂದ, ಪ್ರತಿ ಸಲವೂ ಕತ್ತನ್ನು ಎಡಕ್ಕೆ ತಿರುಗಿಸಿಯೇ ಹೊಗೆ ಬಿಡುತ್ತಿದ್ದ. ಎಡಗಡೆ ಅಕ್ಕನ ಸ್ಟೂಲಿತ್ತು.

“ನನ್ನ ಸ್ಟೂಲು ಆ ಕಡೆ ಹಾಕೋ.”

“ಅಲ್ಲಿ ರೇಕಿದೆ ಅಕ್ಕ. ನೀನು ದಾರ ಎಳೆದ್ರೆ ಕೈಗಾಳಿಗೇ ಹಾರಿಹೋಗುತ್ತೆ.”

“ನಾನು ಹಾರಲ್ಲ ಅಂತ ಈ ಕಡೆ ಕೂರಿಸಿದ್ಯಾ?”

“ನೀನು ಹಾರೋ ತೂಕಾನಾ?”

ಅಕ್ಕ ನಗುತ್ತಿದ್ದಳು, ನಕ್ಕಿದ್ದರಿಂದ ಕೆಮ್ಮುತ್ತಿದ್ದಳು. ನಗು ಬಂತೆಂದರೆ ದಾವೆ ವಜಾ ಎಂದು ತಮ್ಮ ತಿಳಿದಿದ್ದ. ಕೆಮ್ಮನ್ನು ಅವನು ಸಾಕ್ಷಿಯಾಗಿ ಸ್ವೀಕರಿಸಲೇ ಇಲ್ಲ.

ಒಂದು ಬೆಳಗ್ಗೆ ಅಕ್ಕ ಅಂಗಡಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಅಲ್ಲೇ ಕುಳಿತಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವರದಿ ನೋಡಿ ಕೇಳಿದರು, “ಎಷ್ಟು ವರ್ಷದಿಂದ ಸೇದ್ತಿದೀರಾ?”

“ನಾನು ಮುಟ್ಟಿದೋಳೇ ಅಲ್ಲಮ್ಮ. ಸೇದೋನು ಇವನು. ನಾನು ಬರೀ ಪಾಲುದಾರಳು.”

ಡಾಕ್ಟರಮ್ಮ ನಗಲಿಲ್ಲ. ತಮ್ಮನನ್ನು ಹೊರಗೆ ಕರೆದು ಹೇಳಿದರು: “ಮುಚ್ಚಿದ ಕೋಣೇಲಿ ಪಕ್ಕದಲ್ಲಿ ಕೂತವರಿಗೂ ಆ ಹೊಗೆ ಹೋಗುತ್ತೆ. ರಕ್ತನಾಳದ ಒಳಪದರ ಕೆಡುತ್ತೆ, ರಕ್ತ ಬೇಗ ಹೆಪ್ಪುಗಟ್ಟುತ್ತೆ. ಇವರಿಗೆ ಬೇರೆ ಕಾರಣಾನೂ ಇರಬಹುದು. ಆದರೆ ಈ ಹೃದಯ ಇನ್ನು ಹೊಗೆ ತಡೆಯಲ್ಲ.”

“ನಾನು ಕೆಡೋದು ಶ್ವಾಸಕೋಶ ಮಾತ್ರ ಅಂದ್ಕೊಂಡಿದ್ದೆ,” ಎಂದ ತಮ್ಮ. “ಅದೂ ನನ್ನದು.”

ಅಕ್ಕ ಮತ್ತೆ ಬಂದು ಕೂರುವಂತಾದರೆ ಸಾಕು. ಅವನಿಗೆ ಬೇರೇನೂ ಬೇಕಿರಲಿಲ್ಲ. ನೇರವಾಗಿ ಅಂಗಡಿಗೆ ಹೋಗಿ, ಸಿಗರೇಟು ಪ್ಯಾಕನ್ನು ಅಂಟಿನ ಡಬ್ಬಿಯಲ್ಲಿ ಅದ್ದಿ ಎಸೆದ. ಇಕ್ಕಳ ಹಿಡಿದು ಕಿಟಕಿಯ ಮೊಳೆ ಕಿತ್ತ. ಒದ್ದೆ ಬಟ್ಟೆಯಿಂದ ಎಡಗಡೆಯ ಗೋಡೆ ಒರೆಸಿದರೆ ಬಟ್ಟೆ ಕಂದಾಯಿತು. ಬಲಗಡೆಯದು ಅಷ್ಟಾಗಿ ಬಣ್ಣಗೆಟ್ಟಿರಲಿಲ್ಲ. ಬಟ್ಟೆಯನ್ನು ಮಡಿಸಿಟ್ಟ. ಆಮೇಲೆ ರೇಕು ಹರಡಿ ಕತ್ತರಿಸುವ ಮೆತ್ತೆಯನ್ನು ಪೆಟ್ಟಿಗೆಗೆ ಹಾಕಿ, ಸ್ಟೂಲನ್ನು ಬಲಕ್ಕೆ ತಂದು ಕಿಟಕಿಯ ಪಕ್ಕದಲ್ಲಿಟ್ಟ. ಎತ್ತಿಡುವ ಕೆಲಸ ಒಂದು ನಿಮಿಷವೂ ಹಿಡಿಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಅಕ್ಕನ ಮುಂದೆ, ಬಾಯಲ್ಲಿ ಸಿಗರೇಟಿನ ಬದಲು ಹೊಲಿಗೆ ದಾರದ ತುಂಡು ಕಚ್ಚಿಕೊಂಡೇ ವರದಿ ಒಪ್ಪಿಸಿದ.

“ಸ್ಟೂಲು ಆ ಕಡೆ ಹಾಕಿದೀನಿ. ಕಿಟಕೀನೂ ತೆಗೆದೆ.”

“ರೇಕು?”

“ಹಾರೋದಾದ್ರೆ ಹಾರಲಿ ಬಿಡು.”

“ಅಂತೂ ಕೇಸು ಗೆದ್ದೆ ಅನ್ನು.” ಅಕ್ಕ ಗೋಡೆಗೊರಗಿ ಸ್ವಲ್ಪ ಸುಧಾರಿಸಿಕೊಂಡಳು. “ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ ಕಣೋ. ನಮ್ಮನೇಲಿ ಉಪ್ಪು ನಿಂದು, ನೀರು ನಂದು.”

ತಮ್ಮ ಬಾಯಿಯಿಂದ ದಾರ ತೆಗೆದು ಕಣ್ಣೊರೆಸಿಕೊಂಡ.

“ಅಳಬೇಡ. ಸೋಮವಾರ ಬರ್ತೀನಿ. ಸೂಜಿ ಎಲ್ಲಾದ್ರೂ ಕಳೆದುಹಾಕಿದ್ರೆ ನೋಡು ಮತ್ತೆ.”

ಅವನು ಅಂಗಡಿಗೆ ಹೋಗಿ ಸೂಜಿಗೆ ದಾರ ಪೋಣಿಸಿ, ಮೇಣದುಂಡೆಗೆ ಚುಚ್ಚಿ ಸ್ಟೂಲಿನ ಎದುರಿಗಿಟ್ಟ. ಭಾನುವಾರ ಸಂಜೆ ಅಕ್ಕನಿಗೆ ಎದೆನೋವು ಮತ್ತೆ ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಸ್ಟೂಲು ಈಗಲೂ ಬಲಗಡೆ, ತೆರೆದ ಕಿಟಕಿಯ ಪಕ್ಕದಲ್ಲೇ ಇದೆ. ಅಂಗಡಿಯಲ್ಲಿ ಚಿನ್ನದ ಕೆಲಸ ನಡೆಯುವುದಿಲ್ಲ.